ರುಚಿ ನೋಡದ ಸಾರು

ಅವ್ವ ಅಡುಗೆಯನ್ನು ಯಾರಿಗೂ ಕಲಿಸಲಿಲ್ಲ. ಬಸ್ಸಾರಿಗೆ ಎಷ್ಟು ಹುಣಸೆ, ಎಷ್ಟು ಖಾರ ಎಂದು ಕೇಳಿದರೆ, "ಕೈ ಏಳ್ತದೆ ಕಣಮ್ಮ, ಬಾಯ್ ಮುಚ್ಕೊಂಡು ಮಾಡು" ಎನ್ನುತ್ತಿದ್ದಳು. ನನ್ನ ಕೈ ಏನನ್ನೂ ಹೇಳುತ್ತಿರಲಿಲ್ಲ. ಮದುವೆಯಾಗಿ ಮಳವಳ್ಳಿಗೆ ಬಂದ ಮೇಲೂ ನಾನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು, ನೆಕ್ಕಿ ನೆಕ್ಕಿ ಸಾರು ಮಾಡುವವಳೇ. ಇಳಿಸುವ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿರುತ್ತಿತ್ತು.

ಕೊರೊನಾ ಎರಡನೇ ಸಲ ಬಂದಾಗ ಅವ್ವ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದೇ ಜ್ವರದಲ್ಲಿ ನಾನು ಮನೆಯಲ್ಲಿ ಮಲಗಿದ್ದೆ. ಕೊನೆಗೆ ಮುಖವನ್ನೂ ನೋಡಲಿಲ್ಲ. ಜ್ವರ ಹೋಯಿತು, ಹೋಗುವಾಗ ಮೂಗು ನಾಲಿಗೆ ಎರಡನ್ನೂ ಕರೆದುಕೊಂಡು ಹೋಯಿತು. ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. ಉಪ್ಪಿನಕಾಯಿ ಬಾಯಿಗಿಟ್ಟರೆ ಒದ್ದೆ ಬಟ್ಟೆ ಅಗಿದ ಹಾಗಿರುತ್ತಿತ್ತು.

ಪಿತೃಪಕ್ಷಕ್ಕೆ ತವರೂರು ಹನಕೆರೆಯಿಂದ ತಮ್ಮ ಫೋನು ಮಾಡಿದ. "ಎಡೆಗೆ ಕೋಳಿ ಸಾರು ಇವ್ಳು ಮಾಡ್ತಾಳೆ. ಅವ್ವಂಗೆ ಬಸ್ಸಾರು ಅಂದ್ರೆ ಪ್ರಾಣ. ಅದ್ನ ನೀನೇ ಬಂದು ಮಾಡಕ್ಕ." ನನ್ನ ನಾಲಿಗೆ ಸತ್ತಿದೆ ಎಂದು ಹೇಳಲಿಲ್ಲ. ಹೇಳಿದ್ದರೆ ಬೇರೆಯವರಿಂದ ಮಾಡಿಸುತ್ತಿದ್ದರು. ಹೇಗಿದ್ದರೂ ಎಡೆಯ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಸತ್ತವರು ಉಂಡ ಮೇಲೆಯೇ ನಮ್ಮ ಸರದಿ. ಮೂಗಿದ್ದವರಿಗೂ ಅವತ್ತು ನನ್ನದೇ ಗತಿ ಎಂದು ಧೈರ್ಯ ತಂದುಕೊಂಡು ಬಸ್ಸು ಹತ್ತಿದೆ.

ದಂಟಿನ ಸೊಪ್ಪು, ತೊಗರಿಬೇಳೆ ಬೇಯಿಸಿ ಕಟ್ಟು ಬಸಿದಿಟ್ಟೆ. ಅಲ್ಲಿಯವರೆಗೆ ಎಲ್ಲ ನಾನೇ ಮಾಡಿದ್ದು. ಮಸಾಲೆಗೆ ಕೈ ಹಾಕಿದ ಮೇಲೆ ಅಡುಗೆಮನೆ ಇದ್ದಕ್ಕಿದ್ದಂತೆ ಇಕ್ಕಟ್ಟಾಯಿತು. ಬೆನ್ನ ಹಿಂದೆ ಯಾರೋ ನಿಂತು, ಇವಳು ಯಾವಾಗ ಸರಿಯುತ್ತಾಳೋ ಎಂದು ಕಾಯುತ್ತಿರುವ ಹಾಗೆ. ತಿರುಗಿದರೆ ಯಾರೂ ಇಲ್ಲ. ನಾನು ಯೋಚಿಸುವ ಮೊದಲೇ ಬೆಳ್ಳುಳ್ಳಿ ಸಿಪ್ಪೆ ಸಮೇತ ಉರಿಗೆ ಬಿತ್ತು. ಮೆಣಸು ಇಷ್ಟು ಸಾಕೆಂದು ನಾನು ಅಂದುಕೊಂಡರೆ ಬೆರಳು ಇನ್ನೊಂದಿಷ್ಟು ಕಾಳು ಹೆಕ್ಕಿತು. ಸಾರು ಕುದಿಯುತ್ತಿದ್ದಾಗ, ಈರುಳ್ಳಿ ಹೆಚ್ಚುತ್ತಿದ್ದ ತಮ್ಮನ ಹೆಂಡತಿ ಈಳಿಗೆಮಣೆ ಬಿಟ್ಟು ಎದ್ದು ನಿಂತಳು.

"ಅತ್ಗೆ, ಅದ್ಯಾಕೆ ಎಡಗೈಲಿ ಉಪ್ಪಾಕ್ತಾ ಇದ್ದೀರಾ?"

ನೋಡಿಕೊಂಡೆ. ಉಪ್ಪು ನಿಜವಾಗಿಯೂ ಎಡಗೈಯಲ್ಲಿತ್ತು. ನಾನು ಹುಟ್ಟಿದಾಗಿನಿಂದ ಬಲಗೈಯವಳು. ನಮ್ಮ ಮನೆಯಲ್ಲಿ ಎಡಚಿ ಅಂತ ಇದ್ದವಳು ಅವ್ವ ಒಬ್ಬಳೇ. ಅವಳ ಫೋಟೊಗೆ ಆಚೆ ಪಡಸಾಲೆಯಲ್ಲಿ ತಮ್ಮ ಹೂವು ಹಾಕುತ್ತಿದ್ದ. ಆ ಕೈಯನ್ನು ಹಿಂದಕ್ಕೆಳೆದುಕೊಳ್ಳಲು ಮನಸ್ಸು ಬರಲಿಲ್ಲ. ಹೆದರಿಕೆಗಿಂತ ನನಗೆ ಆಸೆಯೇ ಹೆಚ್ಚಾಗಿತ್ತು.

ಎಡೆ ಇಟ್ಟು, ಅವ್ವ ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಜಗಲಿಯ ಮೇಲೆ ನಿಂತೆವು. ರೈಲೊಂದು ಊರಿನ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಯಿತು. ಬಾಗಿಲು ತೆಗೆದು ಉಣ್ಣಲು ಕೂತಾಗ ತಮ್ಮ ಮುದ್ದೆ ಮುರಿದು, ಬಸ್ಸಾರಿಗೆ ಅದ್ದಿ ನುಂಗಿದ. ಆಮೇಲೆ ಅವನ ಕೈ ಮೇಲೇಳಲಿಲ್ಲ. "ಅವ್ವ ಬಂದವ್ಳೆ ಕಣೇ" ಎಂದು ಹೆಂಡತಿಗೆ ಹೇಳಿ ಗೊಳೋ ಎಂದು ಅತ್ತ. ಕೋಳಿ ಸಾರು ಹಾಗೇ ಉಳಿಯಿತು. ಬಸ್ಸಾರಿನ ಪಾತ್ರೆಯನ್ನು ಬಳಿದು ಉಂಡರು. ನಾನೂ ಉಂಡೆ. ಬಿಸಿ ಗೊತ್ತಾಯಿತು, ಅಷ್ಟೇ.

ಅಲ್ಲಿಂದಾಚೆಗೆ ಭಾನುವಾರ ಬಂತೆಂದರೆ ತಮ್ಮ ಸೊಪ್ಪಿನ ಕಂತೆ ಹಿಡಿದು ಹೆಂಡತಿಯೊಂದಿಗೆ ಮಳವಳ್ಳಿಗೆ ಹಾಜರು. ಪ್ರತಿ ಸಲವೂ ಎಡಗೈಯೇ ಮುಂದಾಗುತ್ತಿತ್ತು. ತಮ್ಮನ ಹೆಂಡತಿ ಹೆದರಿ ನನ್ನ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ತಮ್ಮ ಉಂಡು ಹೊರಡುವಾಗ ನನ್ನ ಮುಖ ನೋಡದೆ ಒಲೆಯ ಕಡೆ ತಿರುಗಿ "ಬತ್ತೀನಿ ಕಣವ್ವ" ಎನ್ನುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ಬೇಯಿಸುವವಳು ನಾನು, ಅವ್ವನ ಕೈರುಚಿ ಉಣ್ಣುವವರು ಅವರು. ಆ ರುಚಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಹೋದರೆ ನನಗೆ ಏನೂ ಹೊಳೆಯುತ್ತಿರಲಿಲ್ಲ. ಮೂಗು ಬರಲಿ, ಒಂದೇ ಒಂದು ತುತ್ತು ನನಗೂ ದಕ್ಕಲಿ ಎಂದು ಬೇಡಿಕೊಂಡಷ್ಟು ಇನ್ನೇನನ್ನೂ ಬೇಡಿಕೊಂಡವಳಲ್ಲ ನಾನು.

ಕೊನೆಗೂ ಬಂತು. ಮದ್ದೂರಿನಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಆಲೆಮನೆಯ ಬೆಲ್ಲದ ವಾಸನೆ ಮೂಗಿಗೆ ಹೊಡೆಯಿತು. ಕೂತಲ್ಲೇ ಅತ್ತುಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ, "ಯಾಕಮ್ಮ, ಏನಾರ ಕಳ್ಕಂಡ್ರಾ?" ಎಂದು ಕೇಳಿದ.

ಆ ಭಾನುವಾರ ಬೆಳಗ್ಗೆಯೇ ಒಲೆ ಹಚ್ಚಿದೆ. ಬೆಳ್ಳುಳ್ಳಿ ಹಿಡಿದು ಕಾದೆ. ಅಡುಗೆಮನೆ ತನ್ನ ಅಳತೆಗೆ ತಾನಿತ್ತು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಉಪ್ಪಿನ ಡಬ್ಬಿಗೆ ಬಲಗೈ ಹೋಯಿತು. ಅದನ್ನು ತಡೆದು ಎಡಗೈ ಇಟ್ಟೆ. ಎಷ್ಟು ತೆಗೆಯಬೇಕೆಂದು ಅದಕ್ಕೆ ಗೊತ್ತಾಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, ನೆಕ್ಕಿ ನೋಡಿಕೊಂಡೇ ಸಾರು ಮುಗಿಸಿದೆ.

ತಮ್ಮ ಉಂಡು, "ಚೆನ್ನಾಗದೆ" ಎಂದ. ಇನ್ನೊಂದು ಸೌಟು ಹಾಕಿಸಿಕೊಳ್ಳಲಿಲ್ಲ. ಅವನ ಪಕ್ಕದಲ್ಲಿ ಕೂತೆ. "ಲೇ, ಇಷ್ಟು ದಿನ ಮಾಡ್ತಿದ್ನಲ್ಲ, ಆ ಸಾರು ಎಂಗಿತ್ತು ಏಳು. ಹುಳಿ ಮುಂದಿತ್ತಾ? ಕಾರ ಮುಂದಿತ್ತಾ?"

ಅವನು ತಲೆ ಕೆರೆದುಕೊಂಡ. "ಅವ್ವ ಮಾಡ್ದಂಗೇ ಇತ್ತು. ಇನ್ನೆಂಗೆ ಅಂತ ಏಳ್ಲಿ?" ಎಂದವನು ನನ್ನನ್ನು ವಿಚಿತ್ರವಾಗಿ ನೋಡಿದ. "ನೀನೂ ನಮ್ ಜೊತೇಲೇ ಉಂಡ್ಯಲ್ಲಕ್ಕ."

ಹೌದು, ಉಂಡಿದ್ದೆ ಎಂದೆ.