ಹೀರೇಕಾಯಿಯ ನಾರೂ ಮಾಲೂರಿನ ಇಟ್ಟಿಗೆಯೂ

ತಾಯಿಯ ಮೈಯ ಕೊಳೆಯಿಂದ ಮೈದಾಳಿದ ವಿನಾಯಕನಿಗೆ ಮೊದಲ ಕೃತಜ್ಞತೆ ಸಲ್ಲಲಿ. ಮಿಕ್ಕ ದೇವತೆಗಳು ಕಮಲದಲ್ಲೋ ಕ್ಷೀರಸಾಗರದಲ್ಲೋ ಅವತರಿಸಿ ದೊಡ್ಡಸ್ತಿಕೆ ಮೆರೆದರೆ, ಈತನೊಬ್ಬನೇ ಬಚ್ಚಲುಮನೆಯಲ್ಲಿ ಹುಟ್ಟಿ ಅದರ ಬಾಗಿಲನ್ನೇ ಕಾದವನು. ಗೌರಮ್ಮ ಅಂದು ಎರಡು ತಂಬಿಗೆ ನೀರು ಸುರಿದುಕೊಂಡು ಅವಸರದಲ್ಲಿ ಎದ್ದುಬಿಟ್ಟಿದ್ದರೆ ನಮಗೆ ಆತನೂ ಇಲ್ಲ, ಆತನ ನೆಪದ ಕಡುಬೂ ಇಲ್ಲ. ಆದ್ದರಿಂದ, ಮಿತ್ರರೇ, ಮೈಯುಜ್ಜಿಕೊಳ್ಳುವುದು ಕ್ಷುಲ್ಲಕ ವಿಷಯವೆಂದು ಮುಖ ತಿರುಗಿಸಬೇಡಿ.

ಮುಳಬಾಗಿಲಿನ ನಮ್ಮ ಬಚ್ಚಲಿನಲ್ಲಿ, ಹಂಡೆಯೊಲೆಯ ಹೊಗೆಗೆ ಕಪ್ಪಾದ ಗೋಡೆಯ ಮೊಳೆಗೆ, ಒಣಗಿದ ಹೀರೇಕಾಯಿಯ ನಾರೊಂದು ತೂಗುತ್ತದೆ. ಬಳ್ಳಿಯಲ್ಲೇ ಬಲಿತು, ಸಿಪ್ಪೆ ಕಳಚಿ, ಬೀಜ ಉದುರಿಸಿ, ಬರಿಯ ಬಲೆಯಾಗಿ ಉಳಿದ ಅದು ಪಲ್ಯವಾಗುವ ಗಂಡಾಂತರವನ್ನು ಪಾರಾಗಿ ವಾನಪ್ರಸ್ಥ ಸೇರಿದ ಹಿರಿಯನಂತೆ ನನಗೆ ತೋರುತ್ತದೆ. ಅದರ ವಂಶ ನಮ್ಮ ಮನೆಗೆ ಬಂದುದಕ್ಕೆ ಕಾರಣ ನನ್ನ ತಂಗಿ ಶಾರದೆಯ ಬಣ್ಣ.

ಶಾರದೆ ಎಣ್ಣೆಗಪ್ಪು. ಎಪ್ಪತ್ತರ ದಶಕದ ಕೊನೆಯ ಆ ವರ್ಷ ಅವಳನ್ನು ನೋಡಲು ಬಂದ ಎರಡು ಕಡೆಯವರು "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ..." ಎಂದು, ಉಪ್ಪಿಟ್ಟನ್ನು ಪೂರ್ತಿ ಮುಗಿಸಿ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದರು. ಮೂರನೆಯವರಾಗಿ ಶ್ರೀನಿವಾಸಪುರದವರು ಬರುವ ದಿನ, ಈ ಬಾರಿ ವಾಕ್ಯವೂ ಮುಗಿಯಲೇಬೇಕೆಂಬ ಸಂಕಲ್ಪ ತೊಟ್ಟು ಮಾಲೂರಿನಿಂದ ಬಂದಿಳಿದವಳು ನಮ್ಮ ತಂದೆಯ ತಂಗಿ ಕಮಲತ್ತೆ. ಹೆಂಚು, ಇಟ್ಟಿಗೆಗಳ ಆ ಊರಿನಲ್ಲಿ ಹಿತ್ತಾಳೆ ಬೆಳಗಲು ಇಟ್ಟಿಗೆಪುಡಿಗೆ ಮಿಗಿಲಾದುದಿಲ್ಲ. ಬಿಂದಿಗೆಗೆ ಒಪ್ಪಿದ್ದು ಹುಡುಗಿಗೇಕೆ ಒಪ್ಪದು? ತರ್ಕವನ್ನು ಗುರುಮುಖದಿಂದ ಕಲಿತ ನನಗೂ ಇಷ್ಟು ನೇರವಾದ ದೃಷ್ಟಾಂತ ಎಂದೂ ಹೊಳೆದಿರಲಿಲ್ಲ. ಅತ್ತೆ ಪುಡಿಗೆ ಹುಣಸೆರಸ ಕಲಸಿಕೊಂಡು ಬಚ್ಚಲಿನ ಬಾಗಿಲು ಹಾಕಿಕೊಂಡಳು. ಹೊರಗಿನಿಂದ ಒಲೆಗೆ ಸೌದೆ ತಳ್ಳುತ್ತಿದ್ದ ನನಗೆ ಒಳಗಿನ ಸಂವಾದ ಕೇಳುತ್ತಿತ್ತು.

"ಉರೀತಿದೆ ಅತ್ತೆ."

"ಉರಿದ್ರೇನೇ ಹೊಳೆಯೋದು, ಸುಮ್ನಿರೇ. ನಮ್ಮನೆ ಬಿಂದಿಗೆ ಒಂದಿನಾನಾದ್ರೂ ಅತ್ತಿದ್ಯಾ?"

"ಬಿಂದಿಗೇನ ನೋಡೋಕೆ ಯಾರೂ ಬರಲ್ಲ ಬಿಡಿ."

"ಬಾಯಿಗೂ ಒಂಚೂರು ಹಾಕ್ಲಾ?"

ಹೊರಬಂದ ಶಾರದೆಯ ಮುಖವೂ ಮುಂಗೈಗಳೂ ಕೋಲಾರದ ಮಂಡಿಯ ಟೊಮೆಟೊಗಳಂತೆ ಕೆಂಪೇರಿದ್ದವು. ಅಲ್ಲಲ್ಲಿ ತರಚಿಯೂ ಇತ್ತು.

ಸಂಜೆ ಬಂದವರು ಹುಡುಗನ ತಂದೆ ಮತ್ತು ತಾಯಿ. ಮಗನನ್ನು ಕರೆತರುವ ಮೊದಲು ತಾವು ನೋಡುವುದು ಅವರ ಕ್ರಮ. ತಾಯಿ ವೆಂಕಟಲಕ್ಷ್ಮಮ್ಮನವರು ಮಾತಿಗೊಂದು ತೆಲುಗು ಬೆರೆಸುವವರು.

"ಏಮಮ್ಮಾ, ಮುಖ ಇಷ್ಟು ಕೆಂಪಾಗೈತೆ? ನಾಚ್ಕೇನಾ?"

"ಬಿಸಿಲು," ಎಂದಳು ಕಮಲತ್ತೆ. ಹೊರಗೆ ಮಾರ್ಗಶಿರದ ಚಳಿಯಿತ್ತು.

ಶಾರದೆ ತಟ್ಟೆಯನ್ನು ಕೆಳಗಿಟ್ಟಳು. "ಇಟ್ಟಿಗೆಪುಡಿ ಅಮ್ಮಾ. ಈ ಕೆಂಪು ಎಂಟು ದಿನಕ್ಕೆ ಹೋಗತ್ತೆ, ಕೆಳಗಿರೋ ಕಪ್ಪು ಹೋಗಲ್ಲ. ನನ್ನ ನೋಡ್ಬೇಕು ಅಂದ್ರೆ ಆಮೇಲೆ ಬನ್ನಿ."

ನಮ್ಮ ತಂದೆಯ ಕಾಫಿ ಲೋಟ ತುಟಿಯ ಬಳಿಯೇ ನಿಂತಿತು. ಈ ಸಂಬಂಧವೂ ತಪ್ಪಿತೆಂದುಕೊಂಡೆವು. ವೆಂಕಟಲಕ್ಷ್ಮಮ್ಮನವರು ಎದ್ದರು, ಆದರೆ ಹೊರಬಾಗಿಲಿಗಲ್ಲ, ನೀರಿನ ಕೊಡದ ಕಡೆಗೆ. ಬಟ್ಟೆಯೊಂದನ್ನು ತಣ್ಣೀರಿನಲ್ಲಿ ಅದ್ದಿ ತಾವೇ ಹುಡುಗಿಯ ಕೆನ್ನೆಗೆ ಒತ್ತಿದರು.

"ಇದು ಚರ್ಮ ಕಮಲಮ್ಮಾ, ಚೆಂಬಲ್ಲ. ತಾನಾಗಿ ಬಿಡೋದನ್ನ ಬಿಡಿಸ್ಬೇಕು, ಹಿಡ್ಕೊಂಡಿರೋದನ್ನ ಕೀಳಬಾರದು. ವಾಸಿಯಾಗೋ ತನಕ ಇದರ ಮೇಲೆ ಏನೂ ಉಜ್ಬೇಡಿ."

ಇಷ್ಟು ಹೇಳಿ, ಒಪ್ಪಿಗೆಯೆಂದೂ ಇಲ್ಲವೆಂದೂ ನುಡಿಯದೆ ಬಸ್ಸು ಹತ್ತಿದರು. ಕಮಲತ್ತೆ ತನ್ನ ದುಃಖವನ್ನು ನಮ್ಮ ಮನೆಯ ಪಾತ್ರೆಗಳ ಮೇಲೆ ತೀರಿಸಿಕೊಂಡಳು; ಅಂಥ ಹೊಳಪನ್ನು ಅವು ಮತ್ತೆ ಕಂಡಿಲ್ಲ.

ಎಂಟು ದಿನ ಕಳೆದ ಮೇಲೆ ವೆಂಕಟಲಕ್ಷ್ಮಮ್ಮನವರು ಮಗನೊಡನೆ ಬಂದರು. ಕೈಚೀಲದಲ್ಲಿ ನುಣ್ಣಗೆ ಬೀಸಿದ ಹೆಸರುಹಿಟ್ಟೂ ಒಂದು ಒಣ ಹೀರೇಕಾಯಿಯೂ ಇದ್ದವು. ಹುಡುಗ ಶಾರದೆಗಿಂತಲೂ ಹೆಚ್ಚು ಕಪ್ಪು; ಮೊಣಕೈಗಳಂತೂ ಒರಟುಗಟ್ಟಿ ಬೂದಿ ಬಳಿದಂತಿದ್ದವು.

"ನಮ್ಮ ಹುಡುಗನ್ನ ಬೆಳಗಿ ತಂದಿಲ್ಲ ತಲ್ಲಿ, ಇರೋ ಹಂಗೇ ಇದಾನೆ. ನೀನೂ ನೋಡ್ಕೋ."

ಶಾರದೆ ಅವಸರವಿಲ್ಲದೆ ನೋಡಿದಳು. "ಲಕ್ಷಣವಾಗಿದ್ದಾರೆ," ಎಂದಳು, "ಮೊಣಕೈ ಮಾತ್ರ..."

ವಾಕ್ಯವನ್ನು ಅಲ್ಲಿಗೇ ಬಿಟ್ಟಳು. ಅದನ್ನು ನಗುವಿನಿಂದ ಪೂರ್ತಿ ಮಾಡಿದವರು ವೆಂಕಟಲಕ್ಷ್ಮಮ್ಮನವರು, ಮಾಘದಲ್ಲಿ ಮದುವೆಯಾಯಿತು.

ಆ ಹೀರೇಕಾಯಿಯ ಬೀಜದ ಸಂತತಿ ಇಂದಿಗೂ ನಮ್ಮ ಹಿತ್ತಲಿನ ಬೇಲಿಯಲ್ಲಿದೆ. ಶನಿವಾರಕ್ಕೊಮ್ಮೆ, ಅದಕ್ಕಿಂತ ಹೆಚ್ಚಿಲ್ಲ, ಮೈಗೆ ಎಣ್ಣೆ ಸವರಿ, ನಾರನ್ನು ಬಿಸಿನೀರಿನಲ್ಲಿ ಮೆತ್ತಗಾಗುವಷ್ಟು ನೆನೆಸಿ, ಹೆಸರುಹಿಟ್ಟಿನೊಡನೆ ಸುತ್ತುಸುತ್ತಾಗಿ ಹಗುರವಾಗಿ ತಿಕ್ಕುತ್ತೇನೆ. ಗಾಯವೋ ಗುಳ್ಳೆಯೋ ಇದ್ದಲ್ಲಿ ಅದನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತೇನೆ. ಮುಖಕ್ಕೆ ನಾರನ್ನು ಸೋಕಿಸದೆ ಬೆರಳ ತುದಿಯ ಹಿಟ್ಟಷ್ಟೇ ಸಾಕೆನ್ನುತ್ತೇನೆ. ಮುಗಿದ ಮೇಲೆ ನಾರನ್ನು ತೊಳೆದು ಬಿಸಿಲಿಗೆ ಹಾಕುತ್ತೇನೆ. ಆತ್ಮಶುದ್ಧಿಗೆಂದು ಉಪವಾಸ, ಜಪ, ನೇಮಗಳ ಇಟ್ಟಿಗೆಪುಡಿ ಹಿಡಿದು ನನ್ನನ್ನು ನಾನೇ ತರಚಿಕೊಂಡ ವರ್ಷಗಳು ಆಗ ನೆನಪಾಗುತ್ತವೆ. ಕೊನೆಗೆ ಉದುರಿದ್ದು ತಾನಾಗಿ ಸಡಿಲವಾದದ್ದು ಮಾತ್ರ.

ಇಂದು ಮೊಳೆಯ ಮೇಲಿನ ನಾರಿಗೆ ಕೈಮುಗಿದೇ ಅದನ್ನು ಇಳಿಸಿಕೊಳ್ಳುತ್ತೇನೆ. ಬಳ್ಳಿ ಹಬ್ಬಲಿ. ವೆಂಕಟಲಕ್ಷ್ಮಮ್ಮನವರ ಕೈ ಎಲ್ಲಿದ್ದರೂ ತಂಪಾಗಿರಲಿ. ಕಮಲತ್ತೆಗೆ ಪರಲೋಕದಲ್ಲಿ ಬೆಳಗಲು ಬೇಕಾದಷ್ಟು ಹಿತ್ತಾಳೆ ದೊರೆಯಲಿ. ಶಾರದೆಯ ಸಂಸಾರ, ಆ ಮೊಣಕೈ ಸಹಿತ, ನೂರು ಕಾಲ ಬಾಳಲಿ. ಮಾಲೂರಿನ ಇಟ್ಟಿಗೆ ಗೋಡೆಯಲ್ಲೇ ಸುಖವಾಗಿರಲಿ. ಬಚ್ಚಲಿನ ಬಾಗಿಲು ಕಾಯುವ ಆ ದೇವರು, ಒಳಗೆ ಹೋದವರೆಲ್ಲರನ್ನೂ ಚರ್ಮಸಮೇತ ಹೊರಗೆ ಕಳುಹಿಸಲಿ.