ಕಿಟಕಿ ಪಕ್ಕದ ಮಂಚ

ಹಳೆಯ ಸಾಮಾನನ್ನು ಕೂತು ನೋಡಿಯೇ ಕೊಳ್ಳಬೇಕು ಎಂಬುದು ಕುಷನ್ ಮಾಮನ ಹಟ. ಇಡೀ ಬೀದಿ ಅವರನ್ನು ಹಾಗೆಯೇ ಕರೆಯುತ್ತಿತ್ತು. ಅಂಗಡಿಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಬಾಯಿತುಂಬ ಸಣ್ಣ ಮೊಳೆ ಕಚ್ಚಿಕೊಂಡು, ಊರವರ ಸೋಫಾಗಳ ಹೊಟ್ಟೆ ಬಗೆಯುವುದು ಅವರ ಕಸುಬು. ಮೇಲೆ ಎಷ್ಟೇ ಥಳಕಿರಲಿ, ಒಮ್ಮೆ ಕೂತೆದ್ದರೆ ಸಾಕು, ಒಳಗಿನ ಹುಳುಕು ಹೇಳಿಬಿಡುತ್ತಿದ್ದರು. ಬಾಯಲ್ಲಿ ಮೊಳೆ ಇದ್ದಷ್ಟು ಹೊತ್ತು ಮಾತ್ರ ಯಾರೊಂದಿಗೂ ಜಗಳವಾಡುತ್ತಿರಲಿಲ್ಲ. ಅದು ಗಿರಾಕಿಗಳ ಪುಣ್ಯ.

ಹೆಂಡತಿ ಹೋದಮೇಲೆ ಅವರ ಇಬ್ಬರು ಹೆಣ್ಣುಮಕ್ಕಳ ನಡುವೆ ಮಾತು ನಿಂತುಹೋಗಿತ್ತು. ಅಮ್ಮನ ಕೊನೆಗಾಲದಲ್ಲಿ ಯಾರು ನೋಡಿಕೊಂಡರು, ಯಾರು ನೆಪ ಹೇಳಿ ಜಾರಿಕೊಂಡರು ಎಂದು ಶುರುವಾದದ್ದು ಮುಖ ತಿರುಗಿಸುವವರೆಗೆ ಬಂದಿತ್ತು. ಅಪ್ಪ ಇರುವವರೆಗೆ ಅಪ್ಪನ ನೆಪದಲ್ಲಾದರೂ ಒಂದೇ ಸೂರಿನಡಿ ಬರುತ್ತಾರೆ. ಆಮೇಲೆ? ಈ ಪ್ರಶ್ನೆ ಮುದುಕನನ್ನು ಒಳಗೊಳಗೇ ತಿನ್ನುತ್ತಿತ್ತು.

ಆಗಲೇ ಹಳೆಯ ಗಿರಾಕಿಯೊಬ್ಬರು ತಮ್ಮ ಟೈಮ್‌ಶೇರ್ ಮಾರುತ್ತೇನೆಂದರು. ಸಮುದ್ರದ ದಡದ ರೆಸಾರ್ಟಿನಲ್ಲಿ ಒಂದು ಕೋಣೆ. ವರ್ಷಕ್ಕೆ ಒಂದು ವಾರ ನಮ್ಮದು, ಉಳಿದ ವಾರಗಳು ಬೇರೆಬೇರೆಯವರದು. ಮಾಮ ಅಲ್ಲಿಯವರೆಗೂ ಹೋಗಿ ಮಂಚಗಳ ಮೇಲೆ ಕೂತರು, ಕುರ್ಚಿ ಮಗುಚಿ ಸ್ಪ್ರಿಂಗ್ ಒತ್ತಿದರು, ಕಿಟಕಿ ಪಕ್ಕದ ಹಾಸಿಗೆಯ ಹೊಲಿಗೆ ಎಳೆದು ಒಳಗೆ ಬೆರಳಾಡಿಸಿದರು. ಎಲ್ಲ ಗಟ್ಟಿ. ಕೊಂಡೇಬಿಟ್ಟರು. ತಾನು ಹೋದಮೇಲೂ ಮಕ್ಕಳು ವರ್ಷಕ್ಕೊಮ್ಮೆ ಇಲ್ಲಿ ಎದುರುಬದುರು ಕೂರಲೇಬೇಕು ಎಂಬುದು ಅವರ ಹೂಟ.

ತಮ್ಮ ಮೊದಲ ವಾರಕ್ಕೆ ಮಕ್ಕಳಿಗಿಂತ ಮುಂಚೆಯೇ ರೆಸಾರ್ಟಿಗೆ ಬಂದು ಕೌಂಟರಿನಾಕೆಯನ್ನು ಕೇಳಿದರು, “ಇದನ್ನ ಈಗಲೇ ಮಕ್ಕಳಿಬ್ಬರ ಹೆಸರಿಗೆ ಬರೆಸಬಹುದಲ್ಲಮ್ಮಾ?”

“ಅದಾಗಲ್ಲ ಅಂಕಲ್. ಇದರಲ್ಲಿ ಎರಡು ಥರ. ಒಂದು, ಕೊಂಡವರ ಹೆಸರಿಗೇ ರಿಜಿಸ್ಟರ್ ಆಗುತ್ತೆ. ಮನೆ ಇದ್ದ ಹಾಗೆ, ಮಕ್ಕಳಿಗೂ ಬರುತ್ತೆ. ನಿಮ್ಮದು ಇನ್ನೊಂದು ಥರದ್ದು, ಬರೀ ಬಂದು ಇರೋ ಹಕ್ಕು. ಅವಧಿ ಮುಗಿದರೆ ಮುಗೀತು.”

“ನಾನು ತಗೊಂಡು ಇನ್ನೂ ವರ್ಷ ಆಗಿಲ್ಲ!”

“ಲೆಕ್ಕ ಮೊದಲು ತಗೊಂಡವರಿಂದ ಅಂಕಲ್. ಈ ವರ್ಷ, ಬರೋ ವರ್ಷ, ಅಷ್ಟೇ. ಯಾವ ಥರದ್ದು ಅಂತ ಅವರನ್ನ ಕೇಳಲಿಲ್ವಾ?”

ಕೇಳಿರಲಿಲ್ಲ. ಹಾಸಿಗೆಯಲ್ಲಿರುವುದು ಹತ್ತಿಯೋ ನಾರೋ ಎಂದು ಕೇಳಿದ್ದರು. ಜನ್ಮವಿಡೀ ಊರವರ ಸೋಫಾ ಪರೀಕ್ಷೆ ಮಾಡಿದವರು ಇಲ್ಲಿ ಬೇಸ್ತು ಬಿದ್ದಿದ್ದರು. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ದುಃಖವೇ.

ಮಕ್ಕಳು ಬಂದರು. ವಾರವಿಡೀ “ಅವಳಿಗೆ ಹೇಳಪ್ಪಾ” ಎಂಬುದರಲ್ಲೇ ಕಳೆಯಿತು. ಉಪ್ಪಿನ ಡಬ್ಬಿ ಕೂಡ ಅಪ್ಪನ ಕೈ ದಾಟಿಯೇ ಹೋಗಬೇಕು.

ಹೊರಡುವ ಬೆಳಿಗ್ಗೆ ದೊಡ್ಡವಳು ಹೊದಿಕೆ ಮಡಚುತ್ತ, ಗೋಡೆ ನೋಡಿಕೊಂಡೇ, “ಬರೋ ವರ್ಷ ಕಿಟಕಿ ಪಕ್ಕದ ಮಂಚ ನಂಗೆ. ನೀನು ಮಲಗಿದ್ದು ಸಾಕು,” ಎಂದಳು.

ತಂಗಿಗೆ ನೇರವಾಗಿ ಆಡಿದ ಆ ಮಾತಿಗೆ ಮಾಮ ಚೀಲ ಕಟ್ಟುವುದನ್ನು ಬಿಟ್ಟು ತಿರುಗಿದರು.

“ಆಯ್ತು ಬಿಡೇ ಅಕ್ಕಾ,” ಎಂದಳು ಚಿಕ್ಕವಳು. “ಅದರ ಮುಂದಿನ ವರ್ಷ ಮತ್ತೆ ನಂಗೇ. ಅಲ್ವೇನಪ್ಪಾ?”

ಅಕ್ಕಾ ಎನ್ನುವುದನ್ನು ಆ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಅದರ ಮುಂದಿನ ವರ್ಷ ಈ ಬಾಗಿಲು ತೆರೆಯುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೊಳೆ ಕಚ್ಚಿದವರಂತೆ ತುಟಿ ಬಿಗಿದುಕೊಂಡರು.

“ಹೂಂ ಕಣಮ್ಮಾ, ಸರದಿ ಪ್ರಕಾರ,” ಎಂದರು ಕೊನೆಗೆ. ಆಮೇಲೆ ಜೇಬಿನಿಂದ ಸೂಜಿ ತೆಗೆದು, ಅಂದು ತಾವೇ ಎಳೆದು ಸಡಿಲಿಸಿದ್ದ ಆ ಹಾಸಿಗೆಯ ಹೊಲಿಗೆಯನ್ನು ಬಿಗಿಮಾಡುತ್ತ ಕೂತರು.