ಹುಲ್ಲು ಉಳಿಸಿ ನೆಲ್ಲು ಕಿತ್ತವ

ಸತ್ಯನಾರಾಯಣಪೇಟೆಯ ನನ್ನ ಒಂಟಿ ಕೋಣೆಯಲ್ಲಿ ಅನ್ನ ತಳ ಹಿಡಿಯಿತು. ಇದೇನೂ ವಿಶೇಷವಲ್ಲ, ನಮ್ಮ ಓಣಿಯ ನಾಯಿಗೂ ಈ ವಾಸನೆ ಗೊತ್ತು, ದೂರವೇ ನಿಲ್ಲುತ್ತದೆ. ಆದರೆ ನೋಡಿ, ಇವತ್ತಿನದು ಹಚ್ಚೊಳ್ಳಿಯ ಚಿಗವ್ವ ಸಿರುಗುಪ್ಪದ ಬಸ್ಸಿಗೆ ಹಾಕಿ ಕಳಿಸಿದ ಅಕ್ಕಿ. ಸೀದ ವಾಸನೆಯೊಳಗೂ ಅವಳ ಹೊಲ ಇತ್ತು.

ಆ ಹೊಲ ಕಾಲುವೆಯ ಕಟ್ಟಕಡೆಗೆ. ನೀರು ಅಲ್ಲಿಗೆ ಬರುವುದು ಊಟ ಮುಗಿದ ಮೇಲೆ ಬರುವ ಬೀಗರಂತೆ. ಒಂದು ವರ್ಷ ಕಾದು ಸಾಕಾಗಿ, ಕುರುಗೋಡಿನ ನೆಂಟರಿಂದ ಕಡಿಮೆ ನೀರಿನಲ್ಲಿ ಬೆಳೆಯುವ ಭತ್ತದ ಬೀಜ ತರಿಸಿ, ಒಣಮಣ್ಣಿಗೇ ಜೋಳದ ಹಾಗೆ ಕೂರಿಗೆಯಲ್ಲಿ ಬಿತ್ತಿಸಿದಳು. ಇದೂ ಕೈಕೊಟ್ಟರೆ ಹೊಲ ಬೀಳು ಬಿಡುವುದೊಂದೇ ದಾರಿ.

"ನೀರು ನಿಲ್ಲಿಸದ ನೆಲ್ಲೇನಬೇ? ರೊಟ್ಟಿ ಬಡೀತಿಯೇನು ಅದರಾಗ?" ಎಂದು ಪಕ್ಕದ ಹೊಲದವನು ನಕ್ಕ.

"ಬಡದ್ರ ಮೊದಲನೇದು ನಿನಗ ಕೊಡ್ತೀನಿ, ಸುಮ್ನಿರೋ," ಅಂದಳು ಚಿಗವ್ವ.

ನೀರೇನೋ ಉಳಿಯಿತು. ಆದರೆ ನಾಟಿಯೇ ಇಲ್ಲದ ಮೇಲೆ ನಾಟಿಗೆ ಬರುವ ಹೆಂಗಸರೂ ಇಲ್ಲ. ಆ ಗುಂಪಿಗೆ ಹಾಡು ಎತ್ತಿಕೊಡುತ್ತಿದ್ದವಳೇ ಚಿಗವ್ವ. ಈಗ ಅಷ್ಟು ಹೊಲದ ಕಳೆ ತೆಗೆಯಲು ಅವಳು, ಮತ್ತು ರಜೆಗೆ ಹೋಗಿದ್ದ ನಾನು. ಅಂದರೆ ಅವಳೊಬ್ಬಳೇ.

ನಾನು ಯುದ್ಧಕ್ಕಿಳಿದವನಂತೆ ಕಿತ್ತೆ. ನೀರು ನಿಂತ ಗದ್ದೆಯಲ್ಲಿ ಹುಲ್ಲು ಅಷ್ಟಾಗಿ ಏಳುವುದಿಲ್ಲ. ಇಲ್ಲಿ ಹುಲ್ಲೂ ಭತ್ತವೂ ಒಟ್ಟಿಗೆ ಮೊಳೆತು ಅವಳಿ ಮಕ್ಕಳಂತೆ ನಿಂತಿದ್ದವು. ದಷ್ಟಪುಷ್ಟವಾಗಿದ್ದದ್ದೇ ಭತ್ತವೆಂದು ನಂಬಿ, ಬಡಕಲನ್ನೆಲ್ಲ ಕಿತ್ತು ಬದುವಿನ ಮೇಲೆ ಗುಡ್ಡೆ ಹಾಕಿದೆ. ಗುಡ್ಡೆ ಸಂಗನಕಲ್ಲಿನ ಬೆಟ್ಟಕ್ಕಿಂತ ತುಸು ಗಿಡ್ಡ, ಅಷ್ಟೇ.

"ಲೇ ಹುಚ್ಚಪ್ಯಾಲಿ! ಹುಲ್ಲು ಉಳಿಸಿ ನೆಲ್ಲು ಕಿತ್ತೀಯಲ್ಲೋ!"

ಬೈದಳು, ಆಮೇಲೆ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾಟಿಯ ಗುಂಪಿನಲ್ಲಿ ಎಡವಟ್ಟು ಮಾಡಿದವರ ಮೇಲೆ ಹಾಡು ಕಟ್ಟುವುದು ರೂಢಿ. ಅದರಂತೆ ದನಿ ಎತ್ತಿದಳು: "ಹುಲ್ಲು ಉಳಿಸಿ ನೆಲ್ಲು ಕಿತ್ತವ ಯಾರವ್ವಾ?" ಎತ್ತಿ, ಕಾದಳು. ಉತ್ತರದ ಸೊಲ್ಲು ಉಳಿದವರು ಹೇಳಬೇಕು. ಉಳಿದವರು ಇರಲಿಲ್ಲ. ಸದಾ ಬಾಯಿ ಬಡಿಯುವ ನಾನು, ಅವತ್ತೇ ನೋಡಿ, ಬರೀ ಕೆಮ್ಮಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಮತ್ತೆ ಬಗ್ಗಿದಳು.

ನನ್ನ ಕೈಗೆ ಸಿಗದೆ ಉಳಿದ ಭತ್ತ ತೆನೆ ಕಟ್ಟಿತು. ಹೊಲ ಬೀಳಾಗಲಿಲ್ಲ. ಅಂದಿನಿಂದ ಪ್ರತಿವರ್ಷ ಅದೇ ಬಿತ್ತನೆ, ಅವಳೊಬ್ಬಳದೇ ಕಳೆ.

ತಳ ಹಿಡಿದ ಪಾತ್ರೆಗೆ ನೀರು ಸುರಿದು, ಫೋನ್ ಹಚ್ಚಿದೆ.

"ಯಾರು?" ಎಂದಳು. ಹೊಲದಲ್ಲೇ ಇದ್ದಳು, ಏದುಸಿರು ಕೇಳುತ್ತಿತ್ತು.

"ಹುಲ್ಲು ಉಳಿಸಿ ನೆಲ್ಲು ಕಿತ್ತವ, ಚಿಗವ್ವಾ. ಐತವಾರ ಕಳಿ ತೆಗ್ಯಾಕ ಬರ್ಲೇನು?"

"ನೀ ಬಂದ್ರ ನೆಲ್ಲು ಎಲ್ಲಿ ಉಳೀತೈತಲೇ," ಎಂದಳು. ಆಮೇಲೆ, "ಮೊದಲನೇ ಬಸ್ಸಿಗೇ ಬಾ."